ಎಲ್ಲಿ ನಿಲ್ಲಬೇಕು, ಯಾವ ಲೆನ್ಸ್ ಹಾಕಬೇಕು

ಹಂಪಿಯ ವಿಠ್ಠಲ ದೇಗುಲದ ಅಂಗಳದಲ್ಲಿರುವ ಕಲ್ಲಿನ ರಥದ ಎರಡು ಫೋಟೊ ತೆಗೆಯೋಣ. ಮೊದಲನೆಯದಕ್ಕೆ 24 ಮಿ.ಮೀ. ಲೆನ್ಸ್ ಹಾಕಿ ರಥದಿಂದ ಐದು ಮೀಟರ್ ದೂರದಲ್ಲಿ ನಿಲ್ಲಬೇಕು. ಎರಡನೆಯದಕ್ಕೆ 85 ಮಿ.ಮೀ. ಲೆನ್ಸ್ ಹಾಕಿ, ರಥ ಮೊದಲಿನಷ್ಟೇ ದೊಡ್ಡದಾಗಿ ಕಾಣುವ ತನಕ ಹೆಬ್ಬಾಗಿಲಿನ ಕಡೆಗೆ ಹಿಂದೆ ಸರಿಯಬೇಕು. ಸುಮಾರು ಹದಿನೆಂಟು ಮೀಟರ್ ದೂರವಾಗುತ್ತದೆ. ಎರಡು ಚಿತ್ರಗಳಲ್ಲೂ ರಥದ ಗಾತ್ರ ಒಂದೇ. ಆದರೆ ಮೊದಲನೆಯದರಲ್ಲಿ ರಥ ಎದೆಯುಬ್ಬಿಸಿ ಮುಂದೆ ನಿಂತಿದೆ, ಅದರ ಹಿಂದಿನ ಮಹಾಮಂಟಪ ಎಲ್ಲೋ ದೂರ ಸರಿದು ಚಿಕ್ಕದಾಗಿದೆ. ಎರಡನೆಯದರಲ್ಲಿ ಅದೇ ಮಂಟಪ ಹೆಚ್ಚುಕಡಿಮೆ ಎರಡು ಪಟ್ಟು ಬೆಳೆದು ರಥದ ಬೆನ್ನಿಗೇ ಬಂದು ಕೂತಿದೆ.

ಇದನ್ನು ಲೆನ್ಸಿನ ಮಹಿಮೆ ಎಂದು ಬಹಳ ಜನ ನಂಬಿದ್ದಾರೆ. ವೈಡ್ ಲೆನ್ಸ್ ದೃಶ್ಯವನ್ನು ಹಿಗ್ಗಿಸುತ್ತದೆ, ಟೆಲಿ ಲೆನ್ಸ್ ಕುಗ್ಗಿಸುತ್ತದೆ ಎಂಬ ಮಾತು ಕಲಿಕೆಯ ಮೊದಲ ದಿನವೇ ಕಿವಿಗೆ ಬೀಳುತ್ತದೆ. ನಿಜವಾಗಿ ಬದಲಾದದ್ದು ನಾವು ನಿಂತ ಜಾಗ. ಐದು ಮೀಟರಿನಲ್ಲೇ ನಿಂತು 24 ತೆಗೆದು 85 ಹಾಕಿದ್ದರೆ ರಥದ ಒಂದು ಭಾಗವಷ್ಟೇ ಫ್ರೇಮಿಗೆ ಸಿಗುತ್ತಿತ್ತು. ಆ ಭಾಗಕ್ಕೂ ಹಿಂದಿನ ಕಂಬಕ್ಕೂ ಇರುವ ಗಾತ್ರದ ಸಂಬಂಧ ಒಂದು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ವಸ್ತುಗಳು ಒಂದಕ್ಕೊಂದು ಎಷ್ಟು ದೊಡ್ಡವಾಗಿ ಕಾಣಬೇಕೆಂದು ತೀರ್ಮಾನಿಸುವುದು ದೂರ. ಆ ನೋಟದಲ್ಲಿ ಎಷ್ಟನ್ನು ಚೌಕಟ್ಟಿಗೆ ತರಬೇಕೆಂದು ತೀರ್ಮಾನಿಸುವುದು ಲೆನ್ಸ್. ಪೋರ್ಟ್ರೇಟಿಗೆ ಎಷ್ಟು, ಹಕ್ಕಿಗೆ ಎಷ್ಟು, ದೇವಸ್ಥಾನಕ್ಕೆ ಎಷ್ಟು ಎಂದು ಕೊಡುವ ಪಟ್ಟಿಗಳಲ್ಲಿ ಬಿಟ್ಟುಹೋಗುವುದು ಇದೇ ಸಂಗತಿ. ಹಾಗಾಗಿ ಪ್ರತಿ ವಿಷಯದಲ್ಲೂ ಮೊದಲು ದೂರದ ಪ್ರಶ್ನೆ ಕೇಳಿ, ಆಮೇಲೆ ಅಂಕಿಗೆ ಬರುವುದು ಸರಿಯಾದ ದಾರಿ.

ಅಂಕಿಗಳ ಲೆಕ್ಕ ಮೊದಲೇ ಮುಗಿಸಿಬಿಡೋಣ. ಶಾಲೆಯ ಪಾಠದಲ್ಲಿ ಸಂಗಮದೂರ ಎಂದು ಓದಿದ್ದೇ ಫೋಕಲ್ ಲೆಂಗ್ತ್. ದೂರದ ವಸ್ತುವಿಗೆ ಫೋಕಸ್ ಮಾಡಿದಾಗ ಲೆನ್ಸಿನ ಬೆಳಕಿನ ಕೇಂದ್ರಕ್ಕೂ ಸೆನ್ಸರಿಗೂ ಇರುವ ಅಂತರ ಅದು. ಅಂತರ ಹೆಚ್ಚಿದಷ್ಟೂ ನೋಟದ ಕೋನ ಕಿರಿದಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಕರ್ಣರೇಖೆಯ ಉದ್ದಕ್ಕೆ ಸುಮಾರು 84 ಡಿಗ್ರಿ ನೋಡುತ್ತದೆ, 50 ಮಿ.ಮೀ. ಸುಮಾರು 47, 200 ಮಿ.ಮೀ. ಸುಮಾರು 12, 600 ಮಿ.ಮೀ. ಬರೀ 4 ಡಿಗ್ರಿ. ಫುಲ್ ಫ್ರೇಮ್ ಎಂದರೆ 36 ಮತ್ತು 24 ಮಿ.ಮೀ. ಅಳತೆಯ ಚೌಕಟ್ಟು. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಈ ಅಳತೆಯ ಫಿಲ್ಮಿನೊಂದಿಗೂ 50 ಮಿ.ಮೀ. ಲೆನ್ಸಿನೊಂದಿಗೂ ಮಾರುಕಟ್ಟೆಗೆ ಬಂತು. ಐವತ್ತನ್ನು ‘ನಾರ್ಮಲ್’ ಎನ್ನುವ ರೂಢಿ ಬೇರೂರಿದ್ದು ಅಲ್ಲಿಂದಲೇ. ಲೆಕ್ಕದ ಪ್ರಕಾರ ನಾರ್ಮಲ್ ಎಂದರೆ ಚೌಕಟ್ಟಿನ ಕರ್ಣದಷ್ಟು ಉದ್ದ; ಈ ಚೌಕಟ್ಟಿನ ಕರ್ಣ 43 ಮಿ.ಮೀ. ಚಿಲ್ಲರೆ. ನಮ್ಮಲ್ಲಿ ಹೆಚ್ಚು ಜನರ ಕೈಯಲ್ಲಿರುವ ಎಪಿಎಸ್-ಸಿ ಕ್ಯಾಮೆರಾಗಳ ಸೆನ್ಸರ್ ಇದಕ್ಕಿಂತ ಚಿಕ್ಕದು. ಅವುಗಳಲ್ಲಿ ಯಾವುದೇ ಅಂಕಿಯನ್ನು 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿಕೊಳ್ಳಬೇಕು. ಕ್ಯಾಮೆರಾದ ಜೊತೆ ಬರುವ 18–55 ಲೆನ್ಸ್ ಹೀಗೆ 27ರಿಂದ 82ರ ಕೆಲಸ ಮಾಡುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24–26ರ ಆಸುಪಾಸಿನದು. ಮುಂದೆ ಹೇಳುವ ಅಂಕಿಗಳೆಲ್ಲ ಫುಲ್ ಫ್ರೇಮಿನವು.

ಮುಖದಿಂದ ಶುರುಮಾಡುವುದು ನ್ಯಾಯ, ಏಕೆಂದರೆ ಜಗತ್ತಿನಲ್ಲಿ ಅತಿ ಹೆಚ್ಚು ಫೋಟೊ ಆಗುವುದು ಅದೇ. ಎದುರು ಕೂತವರೊಡನೆ ಮಾತಾಡುವಾಗ ನಮ್ಮಿಬ್ಬರ ನಡುವೆ ಒಂದೂವರೆ ಎರಡು ಮೀಟರ್ ಇರುತ್ತದೆ. ಒಬ್ಬರ ಮುಖ ನಮ್ಮ ನೆನಪಿನಲ್ಲಿ ಉಳಿಯುವುದೂ ಆ ದೂರದ ಮುಖವಾಗಿಯೇ. ಕ್ಯಾಮೆರಾವನ್ನು ಒಂದಡಿ ದೂರಕ್ಕೆ ತಂದರೆ ಮೂಗು ಕಿವಿಗಿಂತ ಬಹಳ ಹತ್ತಿರವಾಗಿ, ಮೂಗು ಹಿಗ್ಗಿ ಕಿವಿ ಹಿಂದೆ ಅಡಗುತ್ತದೆ. ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಹನ್ನೆರಡು ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿಯಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ, ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ನೋಡಿ ಮೂಗಿನ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬರುವವರಿಗೆ ಸತ್ಯ ತಿಳಿಸಲೆಂದೇ ಅವರು ಈ ಕೆಲಸಕ್ಕೆ ಕೈಹಾಕಿದ್ದರು. ಮೂಗಿನಲ್ಲಿ ದೋಷವಿಲ್ಲ, ದೋಷ ತೋಳಿನ ಉದ್ದದ್ದು. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಎರಡು ಮೀಟರಿನಿಂದ ತಲೆ ಮತ್ತು ಭುಜವನ್ನು ಫ್ರೇಮಿನಲ್ಲಿ ತುಂಬಲು 85ರಿಂದ 135 ಮಿ.ಮೀ. ಬೇಕಾಗುತ್ತದೆ. ಪೋರ್ಟ್ರೇಟ್ ಲೆನ್ಸ್ ಎಂದರೆ 85 ಎಂಬ ಮಾತಿನ ಹಿಂದಿರುವುದು ಇಷ್ಟೇ. ಸ್ಟೀವ್ ಮೆಕರಿ 1984ರಲ್ಲಿ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ, ಹಸಿರು ಕಣ್ಣಿನ ಅಫ್ಗನ್ ಹುಡುಗಿಯ ಜಗತ್ಪ್ರಸಿದ್ಧ ಚಿತ್ರ ನಿಕಾನ್ 105 ಮಿ.ಮೀ. ಲೆನ್ಸಿನದು. ಸಿನಿಮಾದಲ್ಲೂ ಇದೇ ಆಯ್ಕೆ ಕಾಣುತ್ತದೆ. ಮೈಸೂರಿನ ವಿ.ಕೆ. ಮೂರ್ತಿ ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದಾಗ, ನಟರ ಕಣ್ಣಿನೊಳಗಿನ ಭಾವಕ್ಕಾಗಿ ಉದ್ದ ಲೆನ್ಸಿನ ಸಮೀಪದ ಶಾಟ್‌ಗಳನ್ನು ಮತ್ತೆಮತ್ತೆ ಬಳಸಿದರು. ಮುಖದ ಅಳತೆ ಕೆಡುವುದಿಲ್ಲ, ಹಿನ್ನೆಲೆ ಕರಗುತ್ತದೆ, ನಟನ ಉಸಿರಿನ ಮೇಲೆ ಕ್ಯಾಮೆರಾ ಕೂರುವುದಿಲ್ಲ. ಆದರೆ ಇದಕ್ಕೂ ಮಿತಿ ಇದೆ. 200 ಮಿ.ಮೀ. ಹಿಡಿದು ಐದಾರು ಮೀಟರ್ ಹಿಂದೆ ಹೋದರೆ ಮುಖ ಚಪ್ಪಟೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮಾತು ನಿಂತುಹೋಗುತ್ತದೆ. ಕೂಗಿ ಸೂಚನೆ ಕೊಡಬೇಕಾದ ದೂರದಲ್ಲಿ ಯಾರ ಮುಖವೂ ಅರಳುವುದಿಲ್ಲ.

ಇನ್ನು ವ್ಯಕ್ತಿಯನ್ನು ಅವರ ಕೆಲಸದ ಜೊತೆ ತೋರಿಸಬೇಕೆಂದರೆ ಲೆಕ್ಕವೇ ಬೇರೆ. ಇಳಕಲ್ಲಿನ ಕುಣಿಮಗ್ಗದ ನೇಕಾರರನ್ನು 85ರಲ್ಲಿ ತೆಗೆದರೆ ಒಂದು ಚೆಂದದ ಮುಖ ಸಿಗುತ್ತದೆ, ಮಗ್ಗ ಸಿಗುವುದಿಲ್ಲ. ಕೋಣೆಯೂ ಅಷ್ಟು ದೊಡ್ಡದಿರುವುದಿಲ್ಲ. ಅಲ್ಲಿ 35 ಸರಿ, ಜಾಗ ತೀರಾ ಇಕ್ಕಟ್ಟಾದರೆ 28. ಮುಖವನ್ನು ಮಾತ್ರ ಫ್ರೇಮಿನ ಅಂಚಿಗೆ ತಳ್ಳಬಾರದು, ವೈಡ್ ಲೆನ್ಸ್ ಅಂಚಿನಲ್ಲಿರುವುದನ್ನೆಲ್ಲ ಎಳೆದು ಅಗಲ ಮಾಡುತ್ತದೆ. ಮದುವೆಯ ಗುಂಪು ಫೋಟೊಗಳಲ್ಲಿ ಕೊನೆಯ ಸಾಲಿನ ತುದಿಯಲ್ಲಿ ನಿಂತ ಚಿಕ್ಕಪ್ಪ, ಅತ್ತೆಯರು ದಪ್ಪಗೆ ಕಾಣುವುದು ಇದೇ ಕಾರಣಕ್ಕೆ. ಛತ್ರದಲ್ಲಿ ನಾಲ್ಕು ಸಾಲು ಕುರ್ಚಿ ಆಚೆ ಸರಿಸಿ, ಹಿಂದೆ ಹೋಗಿ 50ರಲ್ಲಿ ತೆಗೆದರೆ ಎಲ್ಲರ ಮುಖವೂ ಅವರವರ ಮುಖದಂತಿರುತ್ತದೆ. ಈ ಒಂದು ಶ್ರಮವನ್ನು ನಮ್ಮ ಮದುವೆ ಫೋಟೊಗ್ರಾಫರುಗಳು ತೆಗೆದುಕೊಂಡರೆ ಎಷ್ಟೋ ಆಲ್ಬಮ್ಮುಗಳು ಉಳಿದುಕೊಳ್ಳುತ್ತವೆ.

ಬೀದಿಯ ಚಿತ್ರಗಳ ವಿಷಯದಲ್ಲಿ 28, 35, 50 ಎಂಬ ಮೂರು ಪಂಗಡಗಳ ಜಗಳ ಬಹಳ ಹಳೆಯದು. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸಾನ್ ಬಹುಪಾಲು 50ರಲ್ಲೇ ಕೆಲಸ ಮಾಡಿದವರು. ನ್ಯೂಯಾರ್ಕಿನ ಗ್ಯಾರಿ ವಿನೋಗ್ರಾಂಡ್ 28 ಹಿಡಿದು ಜನರ ನಡುವೆ ನುಗ್ಗಿದವರು. ಅವರಿಬ್ಬರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುವುದು ಎರಡು ಸ್ವಭಾವ: ಒಬ್ಬರು ಹೆಜ್ಜೆ ದೂರ ನಿಂತು ಎಲ್ಲವೂ ಒಂದು ವಿನ್ಯಾಸಕ್ಕೆ ಬರುವುದನ್ನು ಕಾಯುತ್ತಾರೆ, ಇನ್ನೊಬ್ಬರಿಗೆ ಗದ್ದಲವೇ ವಿಷಯ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಹೂವಿನ ಅಂಗಳದಲ್ಲಿ ಬೆಳಗಿನ ಹೊತ್ತು ಎರಡನ್ನೂ ಪರೀಕ್ಷಿಸಬಹುದು. ಮೇಲಿನ ಅಂತಸ್ತಿನಿಂದ 70 ಹಿಡಿದು ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂಗಳ ರಾಶಿ ಬಣ್ಣದ ಚೌಕಗಳಾಗುತ್ತವೆ. ಜನ ಆ ಚೌಕಗಳ ನಡುವಿನ ಚುಕ್ಕೆಗಳಾಗುತ್ತಾರೆ. ಕೆಳಗಿಳಿದು 28 ಹಿಡಿದರೆ ಹೂ ಅಳೆಯುವ ಕೈ, ಚೌಕಾಸಿಯ ಮುಖ, ಬುಟ್ಟಿ ಹೊತ್ತು ದಾರಿ ಕೇಳುವ ಆಳು ಎಲ್ಲರೂ ಮೈಮೇಲೆ ಬರುತ್ತಾರೆ. ಮೇಲಿನಿಂದ ತೆಗೆದ ಚಿತ್ರ ಈಗ ಎಲ್ಲೆಲ್ಲೂ ಸಿಗುತ್ತದೆ. ಕೆಳಗೆ ನಿಂತು ತೆಗೆದ ಒಳ್ಳೆಯ ಚಿತ್ರ ಅಪರೂಪ, ಏಕೆಂದರೆ ಅದಕ್ಕೆ ಜನರ ಒಪ್ಪಿಗೆ ಬೇಕು, ಪರಿಚಯ ಬೇಕು. ಕಲಿಯುವವರು ಯಾರಾದರೂ ಕೇಳಿದರೆ 35 ಎನ್ನುತ್ತೇನೆ. ಮನುಷ್ಯರನ್ನೂ ಅವರ ಸುತ್ತಲನ್ನೂ ಸರಿಸಮವಾಗಿ ಹಿಡಿಯುವ ಲೆನ್ಸ್ ಅದು.

ಯಕ್ಷಗಾನದಲ್ಲಿ ಒಂದೇ ರಾತ್ರಿಗೆ ಎರಡು ಬೇರೆ ಕೆಲಸಗಳಿವೆ. ಚೌಕಿಯಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವಾಗ ಜಾಗ ಇರುವುದಿಲ್ಲ, ಬೆಳಕೂ ಕಡಿಮೆ. 35 ಮಿ.ಮೀ., ಅದೂ ಬೆಳಕು ಒಳಬಿಡುವ ಕಿಂಡಿ ಎಫ್ 1.8ರಷ್ಟು ದೊಡ್ಡದಿರುವುದು (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಅಲ್ಲಿಗೆ ಹೇಳಿಮಾಡಿಸಿದಂತಿದೆ. ರಂಗಸ್ಥಳದ ಮುಂದೆ ಪ್ರೇಕ್ಷಕರಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕೂತರೆ 85 ಅಥವಾ 135 ಬೇಕು. ಗಿರಕಿ ಹೊಡೆಯುತ್ತಾ ಧೀಂಗಿಣ ಹಾಕುವ ವೇಷವನ್ನು ನಿಲ್ಲಿಸಿ ಹಿಡಿಯಲು ಸೆಕೆಂಡಿನ ಐನೂರನೇ ಒಂದು ಭಾಗದ ಶಟರ್ ಬೇಕಾಗುತ್ತದೆ. ಎಫ್ 5.6ರ ಅಗ್ಗದ ಜೂಮ್ ಅಷ್ಟು ಬೆಳಕು ಕೊಡಲಾರದು. ಇಲ್ಲಿ ಲೆನ್ಸಿನ ಉದ್ದಕ್ಕಿಂತ ಅದರ ಕಿಂಡಿ ಮುಖ್ಯ. ವೈಡ್ ಹಿಡಿದು ರಂಗದ ಅಂಚಿಗೇ ಹೋಗಿ ಕೆಳಗಿನಿಂದ ತೆಗೆಯುವವರಿದ್ದಾರೆ. ಕಿರೀಟದ ಎತ್ತರ ಆಗ ಆಕಾಶ ಮುಟ್ಟುತ್ತದೆ ನಿಜ, ಹಿಂದೆ ಕೂತ ನೂರು ಜನರಿಗೆ ಆಟ ಮರೆಯಾಗುತ್ತದೆ. ಅದನ್ನು ಮಾಡಬಾರದು.

ಕಂಬಳದಲ್ಲಿ ಲೆನ್ಸನ್ನು ನಿರ್ಧರಿಸುವುದು ಕೋಣಗಳು ಓಡುವ ಕರೆಯ ಯಾವ ಭಾಗದಲ್ಲಿ ನಿಂತಿದ್ದೀರಿ ಎಂಬುದು. ಓಟ ಮುಗಿಯುವ ಮಂಜೊಟ್ಟಿಯ ಬಳಿ, ಕೋಣಗಳ ನೇರದಾರಿಯಿಂದ ಬದಿಗೆ ಸರಿದು, 300ರಿಂದ 400 ಹಿಡಿದರೆ ದೂರದಿಂದಲೇ ನೀರಿನ ಗೋಡೆಯ ಮುಂದೆ ನಾಲ್ಕು ಕೊಂಬು, ಅದರ ಹಿಂದೆ ಓಟಗಾರನ ಕಣ್ಣು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಕೆನೆಹಲಗೆಯ ಸ್ಪರ್ಧೆಗೆ ಅದೇ ಲೆನ್ಸಿನಿಂದ ಉಪಯೋಗವಿಲ್ಲ. ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಿತೇ ಎಂಬುದೇ ಅಲ್ಲಿನ ಕಥೆ. ಪಕ್ಕದಿಂದ 70ರ ಆಸುಪಾಸಿನಲ್ಲಿ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೆ ಮಾತ್ರ ಕೋಣ, ನೀರು, ನಿಶಾನೆ ಮೂರೂ ಒಟ್ಟಿಗೆ ಸಿಗುತ್ತವೆ. ಆಟದ ನಿಯಮ ಗೊತ್ತಿಲ್ಲದವರಿಗೆ ಸರಿಯಾದ ಲೆನ್ಸ್ ಯಾವುದೆಂದು ಹೊಳೆಯುವುದಿಲ್ಲ.

ದೇವಸ್ಥಾನಗಳಿಗೆ ವೈಡ್ ಎನ್ನುವುದು ಅರ್ಧ ಸತ್ಯ. ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರು ಸೂರಿನ ಕೆಳಗೆ, ನಮ್ಮ ತಲೆಗಿಂತ ಬಹಳ ಮೇಲೆ, ಮುಂದಕ್ಕೆ ಬಾಗಿ ನಿಂತಿದ್ದಾರೆ. ಗೋಡೆಯ ಬುಡದಲ್ಲಿ ನಿಂತು ವೈಡ್ ಲೆನ್ಸನ್ನು ಮೇಲಕ್ಕೆ ಎತ್ತಿದರೆ ಗಲ್ಲ, ಮೂಗಿನ ಹೊಳ್ಳೆಗಳೇ ಕಾಣುತ್ತವೆ. ಅಂಗಳದ ಕಡೆಗೆ ಹಿಂದೆ ಬಂದು 135ರಿಂದ 200 ಹಾಕಿದರೆ ಮೇಲಕ್ಕೆ ನೋಡುವ ಓರೆ ತಗ್ಗಿ, ದರ್ಪಣ ನೋಡುವವಳ ಮುಖ ಶಿಲ್ಪಿ ಕಂಡರಿಸಿದಂತೆ ಕಾಣುತ್ತದೆ. ಹಳೇಬೀಡಿನ ಗೋಡೆಯ ತಳದಲ್ಲಿ ಸಾಲಾಗಿ ಸಾಗುವ ಆನೆ, ಕುದುರೆಗಳ ಪಟ್ಟಿಕೆಗಳಿಗೆ 50ರಿಂದ 85 ಸಾಕು. ಸೆನ್ಸರು ಗೋಡೆಗೆ ಸಮಾನಾಂತರವಾಗಿರುವಂತೆ ನೆಟ್ಟಗೆ ನಿಂತು, ಬಿಸಿಲು ಓರೆಯಾಗಿ ಬೀಳುವ ಹೊತ್ತನ್ನು ಕಾಯಬೇಕು. ನವರಂಗದ ಒಳಗೆ ಹೋದಾಗ 16ರಿಂದ 24ರ ಲೆನ್ಸಿಗೆ ನಿಜವಾದ ಕೆಲಸ ಸಿಗುತ್ತದೆ. ಕತ್ತಲು ಹೆಚ್ಚು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇದನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಗೋಪುರ ಹಿಂದಕ್ಕೆ ವಾಲಿದಂತೆ ಕಾಣುವುದಕ್ಕೂ ವೈಡ್ ಲೆನ್ಸನ್ನೇ ಬೈಯುತ್ತಾರೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಯಾವ ಲೆನ್ಸಿನಲ್ಲಾದರೂ ನೇರ ಗೆರೆಗಳು ಮೇಲೆ ಹೋಗುತ್ತಾ ಕೂಡಿಕೊಳ್ಳುತ್ತವೆ. ವೈಡ್ ಹಿಡಿದವರು ಹತ್ತಿರ ಹೋಗಿ ಹೆಚ್ಚು ಬಾಗಿಸುತ್ತಾರೆ, ಅಷ್ಟೇ. ಕಟ್ಟಡಗಳ ವೃತ್ತಿಪರರು ಬಳಸುವ ಶಿಫ್ಟ್ ಲೆನ್ಸುಗಳು, 17 ಮತ್ತು 24 ಮಿ.ಮೀ.ಗಳಲ್ಲಿ ಸಿಗುವಂಥವು, ಕ್ಯಾಮೆರಾವನ್ನು ಬಾಗಿಸದೆ ಲೆನ್ಸನ್ನೇ ಮೇಲಕ್ಕೆ ಜಾರಿಸಿ ಇದನ್ನು ಸರಿಪಡಿಸುತ್ತವೆ. ಉಳಿದವರಿಗೆ ಸುಲಭದ ದಾರಿಯೆಂದರೆ ದೂರ ಹೋಗುವುದು, ಇಲ್ಲವೇ ಎದುರಿನ ಎತ್ತರದ ಜಾಗ ಹತ್ತುವುದು.

ಹುಣ್ಣಿಮೆಯ ಚಂದ್ರನನ್ನು ಗೋಪುರದ ಹಿಂದೆ ದೊಡ್ಡದಾಗಿ ತೋರಿಸುವ ಚಿತ್ರಗಳನ್ನು ನೋಡಿ ಅನೇಕರು ಕಂಪ್ಯೂಟರಿನ ಕೈವಾಡ ಎನ್ನುತ್ತಾರೆ. ಎಷ್ಟೋ ಸಲ ಅದು ಶುದ್ಧ ಲೆಕ್ಕ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ; ಸೆನ್ಸರಿನ ಮೇಲೆ ಅವನ ಬಿಂಬ ಫೋಕಲ್ ಲೆಂಗ್ತಿನ ಸುಮಾರು 110ನೇ ಒಂದು ಭಾಗದಷ್ಟು. 50ರಲ್ಲಿ ಅರ್ಧ ಮಿ.ಮೀ.ಗೂ ಕಡಿಮೆಯ ಚುಕ್ಕೆ, 500ರಲ್ಲಿ ನಾಲ್ಕೂವರೆ ಮಿ.ಮೀ. ಹಂಪಿಯ ವಿರೂಪಾಕ್ಷ ಗೋಪುರದ ಎತ್ತರ ಸುಮಾರು 50 ಮೀಟರ್. ಮತಂಗ ಬೆಟ್ಟದ ತುದಿಯಿಂದ, ಅಂದರೆ ಸುಮಾರು ಒಂದು ಕಿಲೋಮೀಟರ್ ದೂರದಿಂದ, ಚಂದ್ರ ಗೋಪುರದ ಆರನೇ ಒಂದು ಭಾಗದಷ್ಟು ಕಾಣುತ್ತಾನೆ. ಎರಡೂ ಸಮವಾಗಬೇಕೆಂದರೆ ಐದೂವರೆ ಕಿಲೋಮೀಟರ್ ದೂರ ಹೋಗಬೇಕು. ಅಷ್ಟು ದೂರದಿಂದ ಗೋಪುರ ಕಾಣುವ ಜಾಗ ಹುಡುಕುವುದೇ ಅಸಲು ಕೆಲಸ, ಲೆನ್ಸ್ ಆಮೇಲಿನದು.

ಬೆಟ್ಟಗುಡ್ಡಗಳಿಗೂ ಇದೇ ಮಾತು. ಮುಳ್ಳಯ್ಯನಗಿರಿಯ ಮೇಲೆ ನಿಂತವರು 16 ಮಿ.ಮೀ. ಹಾಕಿ ಎಲ್ಲವನ್ನೂ ಒಳಗೆ ತುಂಬುತ್ತಾರೆ. ಎದುರಿಗೆ ಕಂಡ ಮಹಾಶ್ರೇಣಿ ಚಿತ್ರದಲ್ಲಿ ಒಂದು ತೆಳು ಗೆರೆಯಾಗಿರುತ್ತದೆ. ಕಾಲಬುಡದಲ್ಲಿ ಹುಲ್ಲೋ ಬಂಡೆಯೋ ನೀರೋ, ನೋಡತಕ್ಕ ಏನಾದರೂ ಇದ್ದಾಗ ಮಾತ್ರ ಅತಿ ವೈಡ್ ಲೆನ್ಸ್ ಸಾರ್ಥಕ. ಮಂಜಿನ ನಡುವೆ ಒಂದರ ಹಿಂದೊಂದು ನಿಂತ ಗುಡ್ಡಗಳ ಪದರಗಳಿಗೆ 70–200 ಹೆಚ್ಚು ನ್ಯಾಯ ಸಲ್ಲಿಸುತ್ತದೆ. 253 ಮೀಟರ್ ಧುಮುಕುವ ಜೋಗಕ್ಕೆ ಎದುರಿನ ದಂಡೆಯಿಂದ 24–70 ಸಾಕಾಗುತ್ತದೆ. ಅದರ ರಾಕೆಟ್ ಎಂಬ ಕವಲಿನ ನೀರು ಬಾಣಗಳಾಗಿ ಸಿಡಿಯುವುದನ್ನೇ ನೋಡಬೇಕಾದರೆ 200.

ಈಗ ವನ್ಯಜೀವಿ. ಕರ್ನಾಟಕದಲ್ಲಿ ಲೆನ್ಸಿನ ಚರ್ಚೆ ಎಂದರೆ ಬಹುತೇಕ ಇದೇ, ಅತಿ ಹೆಚ್ಚು ಹಣ ಸುರಿಯುವುದೂ ಇಲ್ಲೇ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥವರು ಕಟ್ಟಿದ ಪರಂಪರೆ ನಮ್ಮದು. ಫಿಲ್ಮಿನ ಆ ಕಾಲದಲ್ಲಿ ಪ್ರಾಣಿಯ ಹತ್ತಿರಕ್ಕೆ ತಲುಪಿಸುತ್ತಿದ್ದುದು ಕಾಡಿನ ತಿಳಿವಳಿಕೆ ಮತ್ತು ಮರೆಯಲ್ಲಿ ಗಂಟೆಗಟ್ಟಲೆ ಕೂರುವ ತಾಳ್ಮೆ. ಇಂದು 150–600, 200–600ರ ಜೂಮುಗಳು ಮಧ್ಯಮವರ್ಗದ ಕೈಗೂ ಬಂದಿವೆ. ಇದರಿಂದ ಒಳ್ಳೆಯದೂ ಆಗಿದೆ: ಗೂಡಿನ ಬಳಿ ಹೋಗದೆ, ಹಕ್ಕಿಯನ್ನು ಬೆದರಿಸದೆ ಚಿತ್ರ ತೆಗೆಯಬಹುದು. ಗುಬ್ಬಚ್ಚಿ ಗಾತ್ರದ ಹಕ್ಕಿಗಳಿಗೆ 500–600 ಬೇಕೇ ಬೇಕು, ಅದರಲ್ಲಿ ವಾದವಿಲ್ಲ.

ಆದರೆ ಎಲ್ಲದಕ್ಕೂ ಆರುನೂರು ಎಂಬ ಹುಚ್ಚು ಚಿತ್ರಗಳನ್ನು ಬಡವಾಗಿಸಿದೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹಸಿರು ಚಿಗುರಿದಾಗ ಆನೆಗಳ ಹಿಂಡುಗಳು ಅಲ್ಲಿ ಸೇರುತ್ತವೆ. 600 ಹಾಕಿದವರು ಒಂದು ಆನೆಯ ಕಣ್ಣನ್ನೋ ಸೊಂಡಿಲನ್ನೋ ತರುತ್ತಾರೆ. 70–200 ಹಿಡಿದವರ ಚಿತ್ರದಲ್ಲಿ ಹಿಂಡಿದೆ, ಮರಿಯನ್ನು ನಡುವೆ ಇಟ್ಟುಕೊಂಡ ತಾಯಂದಿರಿದ್ದಾರೆ, ನೀರಿದೆ, ಒಣಗಿ ನಿಂತ ಮರಗಳಿವೆ. ಆ ಪ್ರಾಣಿ ಎಲ್ಲಿ ಬದುಕುತ್ತದೆ ಎಂದು ತಿಳಿಸುವ ಚಿತ್ರ ಅದು. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ 300 ಧಾರಾಳ. ತೂಗುವ ದೋಣಿಯಲ್ಲಿ ಭಾರದ 600ನ್ನು ಅಲುಗದಂತೆ ಹಿಡಿಯುವುದೇ ಕಷ್ಟ. ಫೋಕಲ್ ಲೆಂಗ್ತ್ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗದ ಶಟರ್ ಇರಲಿ ಎಂಬ ಹಳೆಯ ಸೂತ್ರ ದೋಣಿಯಲ್ಲಿ ಸಾಲದು, ಸಾವಿರನೇ ಒಂದು ಭಾಗದಿಂದಲೇ ಶುರುಮಾಡಬೇಕು. ಬಿಸಿಲೇರಿದ ಮೇಲೆ ದೂರದ ಹುಲಿಗೆ ಗುರಿಯಿಟ್ಟರೆ ನಡುವಿನ ಬಿಸಿಗಾಳಿಯ ಅಲೆ ಎಂಥ ದುಬಾರಿ ಗಾಜನ್ನೂ ಸೋಲಿಸುತ್ತದೆ. ಅದಕ್ಕೆ ಮದ್ದು ಮುಂಜಾನೆ ಮಾತ್ರ.

ಮ್ಯಾಕ್ರೊ ಲೆನ್ಸುಗಳಲ್ಲಿ ಅಂಕಿ ತಿಳಿಸುವುದು ಕೀಟದಿಂದ ಎಷ್ಟು ದೂರ ಇರಬಹುದು ಎಂಬುದನ್ನು. 60, 100, 180 ಮೂರೂ ಜೀವಗಾತ್ರದ ಬಿಂಬ ಕೊಡುತ್ತವೆ. 100ರಲ್ಲಿ ಲೆನ್ಸಿನ ತುದಿಗೂ ಕೀಟಕ್ಕೂ ಒಂದು ಗೇಣಿಗಿಂತ ಕಡಿಮೆ ಜಾಗ ಉಳಿಯುತ್ತದೆ, 60ರಲ್ಲಿ ಇನ್ನೂ ಕಡಿಮೆ. ಆಗುಂಬೆಯ ಮಳೆಯಲ್ಲಿ ಎಲೆಯ ಮೇಲೆ ಕೂತ ಕಪ್ಪೆಗೆ 100 ಸಾಕು. ಚಿಟ್ಟೆಗೆ 180 ಮೇಲು. ಹಾವಿಗೆ ಮ್ಯಾಕ್ರೊ ಬೇಡವೇ ಬೇಡ. 300, 400ರ ಟೆಲಿಯಲ್ಲಿ ದೂರದಿಂದ ತೆಗೆಯಿರಿ. ಇನ್ನು ರಾತ್ರಿಯ ಆಕಾಶದ ನಕ್ಷತ್ರಗಳಿಗೆ 14ರಿಂದ 24, ಎಫ್ 2.8 ಅಥವಾ ಅದಕ್ಕಿಂತ ದೊಡ್ಡ ಕಿಂಡಿ. 500ನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿ ಬಂದಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಚುಕ್ಕೆಗಳು ಗೆರೆಗಳಾಗುತ್ತವೆ.

ಜೂಮೋ, ಒಂದೇ ಫೋಕಲ್ ಲೆಂಗ್ತಿನ ಪ್ರೈಮೋ ಎಂಬ ಪ್ರಶ್ನೆಗೆ ನನ್ನ ಉತ್ತರ ಕಲಿಕೆಯ ಹಂತದ ಮೇಲೆ ನಿಂತಿದೆ. ಜೂಮ್ ಕೈಯಲ್ಲಿದ್ದಾಗ ಇದ್ದಲ್ಲೇ ನಿಂತು ತಿರುಗಿಸುವುದು ಅಭ್ಯಾಸವಾಗುತ್ತದೆ, ದೂರ ಬದಲಾದರೆ ಏನಾಗುತ್ತದೆಂಬ ಪಾಠ ಕಲಿಯುವುದೇ ಇಲ್ಲ. ಒಂದು 35 ಅಥವಾ 50 ಎಫ್ 1.8 ಲೆನ್ಸನ್ನು ಕೆಲವು ತಿಂಗಳು ಬಿಡದೆ ಬಳಸಿದವರ ಕಾಲಿಗೆ ಲೆಕ್ಕ ಗೊತ್ತಾಗುತ್ತದೆ. ಆಮೇಲೆ ಕೈಗೆ ಬಂದ 24–70 ಜೂಮ್ ಅವರಿಗೆ ನಾಲ್ಕೈದು ಪ್ರೈಮುಗಳಾಗಿ ಕೆಲಸ ಮಾಡುತ್ತದೆ. ಉದ್ದದ ಟೆಲಿ ಕೊನೆಗೆ ಬರಲಿ.

ಹೊಸ ಲೆನ್ಸಿಗೆ ಹಣ ಕಟ್ಟುವ ಮುನ್ನ ಒಂದು ಕೆಲಸ ಮಾಡಿ. ಪ್ರತಿ ಡಿಜಿಟಲ್ ಫೋಟೊದ ಮಾಹಿತಿಯಲ್ಲೂ ಅದನ್ನು ಯಾವ ಫೋಕಲ್ ಲೆಂಗ್ತಿನಲ್ಲಿ ತೆಗೆದದ್ದೆಂದು ದಾಖಲಾಗಿರುತ್ತದೆ. ನಿಮಗೆ ಮನಸಾರೆ ಇಷ್ಟವಾದ ನಿಮ್ಮದೇ ನೂರು ಚಿತ್ರಗಳನ್ನು ಆರಿಸಿ, ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚು ಸಲ ಬಂದ ಅಂಕಿಯ ಒಳ್ಳೆಯ ಲೆನ್ಸನ್ನು ಮೊದಲು ಕೊಳ್ಳಿ. ವರ್ಷಕ್ಕೊಮ್ಮೆ ಕಾಡಿಗೆ ಹೋಗುವುದಕ್ಕಷ್ಟೇ ಬೇಕಾದ ದೊಡ್ಡ ಲೆನ್ಸ್ ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ.